ಒಂದೇ ಫೋನು, ಎರಡು ಕ್ಯಾಲೆಂಡರ್: ಆಫೀಸು ಮತ್ತು ಸ್ವಂತದ್ದು ಬೆರೆಯದಂತೆ ನೋಡಿಕೊಳ್ಳುವುದು ಹೇಗೆ?

ಆಫೀಸಿನ ಇಮೇಲ್ ಒಂದು, ಸ್ವಂತದ್ದೊಂದು. ಕ್ಯಾಲೆಂಡರ್ ಆ್ಯಪ್‌ನಲ್ಲಿ ಎರಡೂ ಒಟ್ಟಿಗೆ ಕಾಣುತ್ತವೆ. ಒಟ್ಟಿಗೆ ನೋಡುವುದರಲ್ಲಿ ತಪ್ಪೇನಿಲ್ಲ, ದಿನ ಹೇಗಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಎಡವಟ್ಟಾಗುವುದು ಹೊಸ ಈವೆಂಟ್ ಹಾಕುವಾಗ. ಅದನ್ನು ಯಾವ ಖಾತೆಯಲ್ಲಿ ಹಾಕುತ್ತೀರೋ ಆಹ್ವಾನ ಹೋಗುವುದು ಆ ಖಾತೆಯ ಹೆಸರಿನಲ್ಲೇ. ಒಮ್ಮೆ ಕಳಿಸಿದ ಮೇಲೆ ಅಳಿಸಿದರೂ ಎಲ್ಲರೂ ವಿಳಾಸ ನೋಡಿಯಾಗಿರುತ್ತದೆ.

ಹಾಗಾಗಿ ಮೊದಲು ಡೀಫಾಲ್ಟ್ ಕ್ಯಾಲೆಂಡರ್, ಅಂದರೆ ನೀವು ಬದಲಿಸದಿದ್ದರೆ ಹೊಸ ಈವೆಂಟ್ ತಾನಾಗಿ ಹೋಗಿ ಸೇರುವ ಕ್ಯಾಲೆಂಡರ್, ಸರಿಮಾಡಿಕೊಳ್ಳಿ. ಐಫೋನ್‌ನಲ್ಲಿ ಇದು ಸೆಟ್ಟಿಂಗ್ಸ್‌ನ ಕ್ಯಾಲೆಂಡರ್ ವಿಭಾಗದಲ್ಲಿದೆ. ಗೂಗಲ್ ಕ್ಯಾಲೆಂಡರ್ ಆ್ಯಪ್‌ನಲ್ಲಾದರೆ ಹೊಸ ಈವೆಂಟ್ ತೆರೆದಾಗ ಖಾತೆಯ ವಿಳಾಸ ಕಾಣುತ್ತದೆ, ಒತ್ತಿದರೆ ಬದಲಿಸಬಹುದು. ಅತಿಥಿಗಳನ್ನು ಸೇರಿಸುವ ಮುಂಚೆಯೇ ಇದನ್ನು ನೋಡಿಬಿಡಿ. ಫೋನಿನಲ್ಲಿ ಸ್ವಂತ ಖಾತೆಯೇ ಡೀಫಾಲ್ಟ್ ಆಗಿರಲಿ ಎನ್ನುವುದು ನನ್ನ ಸಲಹೆ. ಆಫೀಸಿನ ಮೀಟಿಂಗ್ ಸ್ವಂತ ವಿಳಾಸದಿಂದ ಹೋದರೆ ಸ್ವಲ್ಪ ಮುಜುಗರ, ಅಷ್ಟೇ. ಡಾಕ್ಟರ ಅಪಾಯಿಂಟ್‌ಮೆಂಟ್ ಇಡೀ ಟೀಮಿನ ಕಣ್ಣಿಗೆ ಬಿದ್ದರೆ ಅದು ಬೇರೆಯೇ ಮಾತು.

ಕಂಪ್ಯೂಟರ್‌ನಲ್ಲಿ ಕ್ರೋಮ್ ಅಥವಾ ಎಡ್ಜ್ ಬಳಸುವವರು ಆಫೀಸಿಗೊಂದು, ಸ್ವಂತಕ್ಕೊಂದು ಅಂತ ಎರಡು ಪ್ರೊಫೈಲ್ (ಲಾಗಿನ್‌ಗಳನ್ನು ಬೇರೆಯಾಗಿಡುವ ಪ್ರತ್ಯೇಕ ಬ್ರೌಸರ್ ಕಿಟಕಿ) ಮಾಡಿಕೊಳ್ಳಿ, ಒಂದೊಂದಕ್ಕೂ ಬೇರೆ ಬಣ್ಣ ಕೊಡಿ. ಒಂದೇ ಕಿಟಕಿಯಲ್ಲಿ ಎರಡೂ ಗೂಗಲ್ ಖಾತೆ ತೆರೆದಿಟ್ಟರೆ, ಲಿಂಕ್‌ಗಳು ಸಾಮಾನ್ಯವಾಗಿ ಮೊದಲು ಲಾಗಿನ್ ಆದ ಖಾತೆಯಲ್ಲೇ ತೆರೆದುಕೊಳ್ಳುತ್ತವೆ.

ಇನ್ನು ಮುಖ್ಯವಾದ ವಿಷಯ. ಸ್ವಂತ ಕ್ಯಾಲೆಂಡರನ್ನು ಆಫೀಸಿನ ಖಾತೆಯ ಜೊತೆ ಹಂಚಿಕೊಂಡರೆ ಸಾಕು, ಸಹೋದ್ಯೋಗಿಗಳಿಗೆ ನಮ್ಮ ಬಿಡುವು ತಿಳಿಯುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಹಂಚಿಕೊಂಡದ್ದು ನಿಮ್ಮ ಪರದೆಯಲ್ಲಿ ಮಾತ್ರ ಕಾಣುತ್ತದೆ. ಅವರು ನಿಮ್ಮ ಬಿಡುವು ಹುಡುಕಿದಾಗ ಸಿಗುವುದು ಆಫೀಸಿನ ಕ್ಯಾಲೆಂಡರ್ ಒಂದೇ. ಹಂಚಿಕೊಳ್ಳುವುದಿದ್ದರೆ ವಿವರ ಮರೆಮಾಡಿ, ಬಿಡುವಿದೆಯೋ ಇಲ್ಲವೋ ಅನ್ನುವುದಷ್ಟನ್ನೇ ತೋರಿಸುವ ಆಯ್ಕೆ ಆರಿಸಿ. ಸಂಜೆ 4ಕ್ಕೆ ಮಗುವಿನ ಶಾಲೆಗೆ ಹೋಗಬೇಕಾ? ಆಫೀಸಿನ ಕ್ಯಾಲೆಂಡರ್‌ನಲ್ಲಿ 4ರಿಂದ 5ರವರೆಗೆ ಸುಮ್ನೆ 'ಬ್ಯುಸಿ' ಅಂತ ಹಾಕಿ, ಪ್ರೈವೇಟ್ ಮಾಡಿ. ಶಾಲೆಯ ಹೆಸರು, ಕಾರಣ ಎಲ್ಲ ಸ್ವಂತದ್ದರಲ್ಲಿ ಇರಲಿ. ಪ್ರೈವೇಟ್ ಅಂದರೂ ಆಫೀಸಿನ ಖಾತೆ ಸಂಸ್ಥೆಯ ಹಿಡಿತದಲ್ಲೇ ಇರುತ್ತದೆ, ಅದಕ್ಕೇ ಇಷ್ಟು ಎಚ್ಚರ.

ಬಂದ ಆಹ್ವಾನಕ್ಕೆ ಅದು ಬಂದ ವಿಳಾಸದಿಂದಲೇ ಉತ್ತರಿಸಿ. ತಪ್ಪು ವಿಳಾಸಕ್ಕೆ ಬಂದಿದ್ದರೆ ಫಾರ್ವರ್ಡ್ ಮಾಡಬೇಡಿ. ಕರೆದವರಿಗೆ ಹೇಳಿ, ಸರಿಯಾದ ವಿಳಾಸ ಸೇರಿಸಿಕೊಳ್ಳಲಿ.

ಟಿಕೆಟ್, ಹೋಟೆಲ್ ಬುಕಿಂಗ್‌ಗೆ ಯಾವ ಇಮೇಲ್ ಕೊಡುತ್ತೀರಿ ಅನ್ನುವುದೂ ಮುಖ್ಯ. ಜಿಮೇಲ್‌ಗೆ ಬಂದ ಇಂಥ ಮೇಲ್‌ಗಳಿಂದ ಗೂಗಲ್ ಕ್ಯಾಲೆಂಡರ್ ತಾನಾಗಿಯೇ ಈವೆಂಟ್ ಮಾಡಬಲ್ಲದು. ಬೇಡವಾದರೆ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ.

ಕೊನೆಗೆ, ಹುಟ್ಟುಹಬ್ಬ, ವಿಮೆಯ ಕಂತಿನ ತಾರೀಖು ಮುಂತಾದವು ಈಗಾಗಲೇ ಆಫೀಸಿನ ಖಾತೆಯಲ್ಲಿದ್ದರೆ ಈ ವಾರವೇ ಸ್ವಂತದ್ದಕ್ಕೆ ಸಾಗಿಸಿ. ಕೆಲಸ ಬಿಟ್ಟಾಗ ಆ ಖಾತೆ ಮುಚ್ಚುತ್ತಾರೆ, ಒಳಗಿದ್ದದ್ದು ನಿಮ್ಮ ಕೈಗೆ ಸಿಗುವುದಿಲ್ಲ.