ಪಂಪ್‌ಹೌಸಿನ ಮೀಟರ್ ಉತ್ತರಿಸದಿದ್ದಾಗ: ಆರ್‌ಎಸ್-485ರಿಂದ ಎಂಕ್ಯೂಟಿಟಿವರೆಗೆ

ಪಂಪಿನ ಕರೆಂಟ್ ಮೀಟರನ್ನು ಮನೆಯಿಂದಲೇ ಓದಬೇಕು, ಆದರೆ ತೋಟದ ಪಂಪ್‌ಹೌಸಿಗೂ ಮನೆಗೂ 300 ಮೀಟರ್ ದೂರವಿದ್ದರೆ ಈಥರ್ನೆಟ್ ಕೇಬಲ್ ಎಳೆಯುವ ಮಾತಿಲ್ಲ. ತಾಮ್ರದ ಈಥರ್ನೆಟ್‌ಗೆ 100 ಮೀಟರೇ ಗಡಿ. ತೆಂಗು, ಅಡಿಕೆಗಳ ನಡುವೆ, ಅದರಲ್ಲೂ ಎಲೆಯೆಲ್ಲ ನೆನೆದಿರುವಾಗ, ವೈಫೈಯನ್ನು ನಾನು ನಂಬುವುದಿಲ್ಲ. ಇಂಥ ಕಡೆ ನನ್ನ ಆಯ್ಕೆ ಆರ್‌ಎಸ್-485, ಎ ಮತ್ತು ಬಿ ಎಂಬ ಎರಡು ತಂತಿಗಳ ನಡುವಿನ ವೋಲ್ಟೇಜ್ ವ್ಯತ್ಯಾಸದಿಂದ ಮಾಹಿತಿ ಸಾಗಿಸುವ ವಿಧಾನ. ಕಡಿಮೆ ವೇಗದಲ್ಲಿ 1200 ಮೀಟರ್‌ವರೆಗೆ ಓಡುತ್ತದೆ. ಅದರ ಮೇಲೆ 1979ರಲ್ಲಿ ಮೋಡಿಕಾನ್ ಕಂಪನಿ ತನ್ನ ಪಿಎಲ್‌ಸಿಗಳಿಗಾಗಿ (ಕಾರ್ಖಾನೆಯ ನಿಯಂತ್ರಣ ಯಂತ್ರಗಳು) ರೂಪಿಸಿದ ಮಾಡ್‌ಬಸ್ ಎಂಬ ಪ್ರಶ್ನೋತ್ತರ ಭಾಷೆ. ಪಂಪ್‌ಹೌಸಿನಲ್ಲಿ ಈಸ್ಟ್ರಾನ್ ಎಸ್‌ಡಿಎಂ630 ಥ್ರೀ-ಫೇಸ್ ಮೀಟರ್, ಮನೆಯಲ್ಲಿ ಯುಪಿಎಸ್ ಮೇಲೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ನಡುವೆ ಮೂರು ತಂತಿ.

ಹೌದು, ಮೂರು. ಎ ಮತ್ತು ಬಿ ಒಂದೇ ಹೆಣೆದ ಜೋಡಿಯಲ್ಲಿ ಹೋಗಬೇಕು, ಇನ್ನೊಂದು ಜೋಡಿಯ ತಂತಿ ಗ್ರೌಂಡಿಗೆ. 'ಡಿಫರೆನ್ಷಿಯಲ್ ಅಲ್ಲವೇ, ಎರಡೇ ಸಾಕು' ಎಂದು ಗ್ರೌಂಡ್ ಬಿಟ್ಟವರ ಲೈನ್ ಮೇಜಿನ ಮೇಲೆ ಸರಿಯಾಗಿ ಓಡಿ ತೋಟದಲ್ಲಿ ಕೈಕೊಡುತ್ತದೆ. ಎರಡು ತುದಿಗಳ ಗ್ರೌಂಡ್ ವೋಲ್ಟೇಜಿನಲ್ಲಿ ವ್ಯತ್ಯಾಸವಿರುತ್ತದೆ. ರಿಸೀವರ್ ಸಹಿಸುವುದು -7ರಿಂದ +12 ವೋಲ್ಟ್ ಒಳಗೆ ಮಾತ್ರ. ಕೇಬಲ್‌ನ ಶೀಲ್ಡ್ ಬೇರೆ ವಿಷಯ, ಅದನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಬೇಕು. ಮೋಟಾರಿನ ಕೇಬಲ್ ಹೋಗುವ ಪೈಪಿನಲ್ಲಿ ಇದನ್ನು ತೂರಿಸಬೇಡಿ. ಸ್ಟಾರ್ಟರ್ ಬಡಿದಾಗಲೆಲ್ಲ ಒಂದೆರಡು ಪ್ಯಾಕೆಟ್ ಹಾಳಾಗುತ್ತವೆ.

ಎ, ಬಿ ಹೆಸರುಗಳನ್ನು ನಂಬಬೇಡಿ. ಮೂಲ ಮಾನದಂಡದ ಎ ಮತ್ತು ಹಲವು ಚಿಪ್ ತಯಾರಕರ ಎ ಪರಸ್ಪರ ವಿರುದ್ಧ. ಅದಲುಬದಲಾದರೆ ಏನೂ ಸುಡುವುದಿಲ್ಲ, ಸುಮ್ಮನೆ ಉತ್ತರ ಬರುವುದಿಲ್ಲ ಅಷ್ಟೇ. ಆದ್ದರಿಂದ ಮೊದಲ ಪರೀಕ್ಷೆಯೇ ಎರಡನ್ನೂ ಬದಲಿಸಿ ನೋಡುವುದು.

ಇನ್ನು 120 ಓಮ್ ರೆಸಿಸ್ಟರ್. ಎಲ್ಲ ಕೈಪಿಡಿಗಳೂ ಎರಡೂ ತುದಿಗೆ ಹಾಕಿ ಎನ್ನುತ್ತವೆ. 9600 ಬಾಡ್‌ನಲ್ಲಿ, ಅಂದರೆ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ, ಒಂದು ಬಿಟ್ 104 ಮೈಕ್ರೊಸೆಕೆಂಡ್. 300 ಮೀಟರ್ ಹೋಗಿ ಬರಲು ಸಂಕೇತಕ್ಕೆ ಬೇಕಾಗುವುದು ಸುಮಾರು 3 ಮೈಕ್ರೊಸೆಕೆಂಡ್. ರೆಸಿಸ್ಟರ್ ತಡೆಯಬೇಕಾದದ್ದು ತುದಿಗೆ ಬಡಿದು ಮರಳುವ ಸಂಕೇತದ ಪ್ರತಿಫಲನವನ್ನು; ಬಿಟ್‌ನ ನಡುಭಾಗವನ್ನು ಓದುವ ಹೊತ್ತಿಗೆ ಅದು ಅಡಗಿರುತ್ತದೆ. ಹಾಗಾಗಿ ಈ ವೇಗ, ಈ ದೂರಕ್ಕೆ ರೆಸಿಸ್ಟರ್ ಇಲ್ಲದೆಯೂ ನಡೆಯುತ್ತದೆ. ಆದರೆ ಹಾಕಿದರೆ ಬಯಾಸಿಂಗ್ ಕೂಡ ಕೊಡಲೇಬೇಕು, ಅಂದರೆ ಸಾಲು ಸುಮ್ಮನಿರುವಾಗಲೂ ಎ-ಬಿ ನಡುವೆ ಸ್ವಲ್ಪ ವೋಲ್ಟೇಜ್ ಉಳಿಸುವ ರೆಸಿಸ್ಟರ್‌ಗಳು. ಎರಡು 120 ಸೇರಿ 60 ಓಮ್. ಯಾರೂ ಮಾತಾಡದಿರುವಾಗ ಅದು ಎ-ಬಿ ನಡುವಿನ ವೋಲ್ಟೇಜನ್ನು ಸೊನ್ನೆಗೆ ಎಳೆಯುತ್ತದೆ. ಸಾಮಾನ್ಯ ರಿಸೀವರ್‌ಗೆ 200 ಮಿಲಿವೋಲ್ಟ್‌ಗಿಂತ ಕೆಳಗೆ ಒಂದೋ ಸೊನ್ನೆಯೋ ಖಾತ್ರಿಯಿಲ್ಲ, ಕಸದ ಬೈಟ್‌ಗಳು ಬರತೊಡಗುತ್ತವೆ. 5 ವೋಲ್ಟ್ ಇದ್ದಲ್ಲಿ ಒಂದು ತಂತಿಯನ್ನು ಆ 5 ವೋಲ್ಟಿಗೆ, ಇನ್ನೊಂದನ್ನು ಗ್ರೌಂಡಿಗೆ ತಲಾ 680 ಓಮ್ ಮೂಲಕ ಜೋಡಿಸಿದರೆ 0.21 ವೋಲ್ಟ್ ಸಿಗುತ್ತದೆ, 3.3 ವೋಲ್ಟ್‌ಗಾದರೆ 390 ಓಮ್. ಬಯಾಸಿಂಗ್ ಕೇಬಲ್ಲಿನ ಒಂದೇ ತುದಿಯಲ್ಲಿರಲಿ, ಕರೆಂಟ್ ಹೋಗದ ಕಡೆ, ಅಂದರೆ ಮನೆಯ ತುದಿಯಲ್ಲಿ.

ಅಗ್ಗದ ಮಾಡ್ಯೂಲ್‌ಗಳಲ್ಲಿ 120 ಓಮ್ ಮೊದಲೇ ಬೆಸುಗೆಯಾಗಿರುತ್ತದೆ. ಎಲ್ಲವನ್ನೂ ಆಫ್ ಮಾಡಿ ಎ-ಬಿ ನಡುವೆ ಮಲ್ಟಿಮೀಟರ್ ಹಿಡಿಯಿರಿ. 60ರ ಹತ್ತಿರ ಬಂದರೆ ಎರಡು ರೆಸಿಸ್ಟರ್, 40 ಬಂದರೆ ಮೂರು. ಮೂರನೆಯದನ್ನು ಕಿತ್ತುಹಾಕಿ.

ಪೈ ಬದಲು ಇಎಸ್‌ಪಿ32 ಎಂಬ ಮೈಕ್ರೊಕಂಟ್ರೋಲರ್ ಬಳಸುವುದಾದರೆ ಅದನ್ನು ಸಾಲಿಗೆ ಜೋಡಿಸಲು ಮ್ಯಾಕ್ಸ್485 ಚಿಪ್ ಬೇಡ. ಅದು 5 ವೋಲ್ಟಿನದು, ಅದರ ಔಟ್‌ಪುಟ್ 3.3 ವೋಲ್ಟಿನ ಪಿನ್ನಿಗೆ ತಗಲಬಾರದು. ಮ್ಯಾಕ್ಸ್3485 ಅಥವಾ ಎಸ್‌ಪಿ3485 ತೆಗೆದುಕೊಳ್ಳಿ. ಕಳುಹಿಸುವ-ಕೇಳುವ ದಿಕ್ಕು ಬದಲಿಸುವ ಪಿನ್ನನ್ನು ಕೊನೆಯ ಬೈಟ್ ಪೂರ್ತಿ ಹೊರಹೋದ ಮೇಲೆ ಇಳಿಸಬೇಕು, ಬಫರ್ ಖಾಲಿಯಾದೊಡನೆ ಅಲ್ಲ. ಬೇಗ ಇಳಿಸಿದರೆ ಸಿಆರ್‌ಸಿಯ (ತಪ್ಪು ಪತ್ತೆಗೆ ಸಂದೇಶದ ಕೊನೆಯಲ್ಲಿ ಸೇರಿಸುವ ಅಂಕಿ) ಕೊನೆಯ ಬೈಟ್ ಕತ್ತರಿಸಿಹೋಗಿ ಮೀಟರ್ ಸುಮ್ಮನಿರುತ್ತದೆ. ತಡಮಾಡಿದರೆ ಉತ್ತರದ ಮೊದಲ ಬೈಟ್ ನಷ್ಟ. ಈ ಕೆಲಸವನ್ನು ಇಎಸ್‌ಪಿ32ರ ಯುಎಆರ್‌ಟಿ (ಬೈಟ್ ಕಳುಹಿಸಿ ಕೇಳುವ ಭಾಗ) ತಾನೇ ಮಾಡಬಲ್ಲದು. ಅದರ ಆರ್‌ಎಸ್-485 ಮೋಡ್ ಹಾಕಿ ನಿಶ್ಚಿಂತರಾಗಿ.

ಪೈ ಅಥವಾ ಲ್ಯಾಪ್‌ಟಾಪಿಗೆ ಯುಎಸ್‌ಬಿ ಕನ್ವರ್ಟರ್ ಸಾಕು. ಹಣವಿದ್ದರೆ ಐಸೊಲೇಟೆಡ್ (ಎರಡೂ ಬದಿಯ ವಿದ್ಯುತ್ತನ್ನು ಬೇರ್ಪಡಿಸುವ) ಇರುವುದನ್ನೇ ಕೊಳ್ಳಿ, ಜೊತೆಗೆ ಎರಡೂ ತುದಿಗೆ ಎಸ್‌ಎಂ712 ಸರ್ಜ್ ಡಯೋಡ್. ಮುಂಗಾರು ಮುನ್ನಿನ ಸಿಡಿಲು ಉದ್ದ ಕೇಬಲ್ಲನ್ನು ಹುಡುಕಿಕೊಂಡು ಬರುತ್ತದೆ. ಉಬುಂಟು 22.04ರಲ್ಲಿ ಸಿಎಚ್340 ಚಿಪ್ಪಿನ ಕನ್ವರ್ಟರ್ ಹಾಕಿದ ಕ್ಷಣವೇ ಮಾಯವಾದರೆ ಚಿಪ್ ಕೆಟ್ಟಿಲ್ಲ. ಬ್ರೈಲ್ ಸಾಧನಗಳಿಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಎಂಬ ಪ್ರೋಗ್ರಾಂ ಅದನ್ನು ತನ್ನದೆಂದು ಹಿಡಿದುಕೊಂಡಿರುತ್ತದೆ. ಬ್ರೈಲ್ ಸಾಧನ ಬಳಸದವರು ಅದನ್ನು ತೆಗೆದುಹಾಕಬಹುದು. ಹಾಗೆಯೇ ಒಂದೇ ಪೋರ್ಟನ್ನು ಎರಡು ಪ್ರೋಗ್ರಾಂ ತೆರೆದರೆ ಉತ್ತರದ ಬೈಟ್‌ಗಳು ಅರ್ಧ ಅಲ್ಲಿಗೆ, ಅರ್ಧ ಇಲ್ಲಿಗೆ ಹಂಚಿಹೋಗುತ್ತವೆ.

ನಿಮ್ಮ ಪ್ರೋಗ್ರಾಂ ಬರೆಯುವ ಮೊದಲು ಎಮ್‌ಬಿಪೋಲ್ ಎಂಬ ಮಾಡ್‌ಬಸ್ ಪರೀಕ್ಷೆಯ ಪ್ರೋಗ್ರಾಂನಲ್ಲಿ ಮೀಟರನ್ನು ಮಾತಾಡಿಸಿ. ಸಾಲಿನಲ್ಲಿ ಹೋಗುವ ಪ್ರಶ್ನೆ ಹೆಕ್ಸ್‌ನಲ್ಲಿ ಹೀಗಿರುತ್ತದೆ: 01 04 00 00 00 02 71 ಸಿಬಿ. ಅಂದರೆ 1ನೇ ವಿಳಾಸದ ಮೀಟರೇ (01), ಇನ್‌ಪುಟ್ ರಿಜಿಸ್ಟರ್‌ಗಳನ್ನು (04, ಮೀಟರಿನೊಳಗೆ ಅಳತೆ ಇಡುವ ಸಂಖ್ಯೆ ಹಾಕಿದ ಗೂಡುಗಳು) 0ಯಿಂದ ಎರಡು ಕೊಡು. ಕೊನೆಯೆರಡು ಬೈಟ್ ಸಿಆರ್‌ಸಿ. ಕೈಪಿಡಿಯಲ್ಲಿ ಇದೇ ರಿಜಿಸ್ಟರ್ 30001 ಎಂದಿರುತ್ತದೆ. ಸಾಲಿನ ಮೇಲೆ ಅದು 0. ಎಮ್‌ಬಿಪೋಲ್ 1ರಿಂದ ಎಣಿಸುತ್ತದೆ, ಹಲವು ಲೈಬ್ರರಿಗಳು 0ಯಿಂದ.

ಬರುವ ತಪ್ಪನ್ನು ನೋಡಿಯೇ ದೋಷ ಎಲ್ಲಿದೆ ಎಂದು ಹೇಳಬಹುದು. ಪೂರ್ತಿ ಮೌನವೆಂದರೆ ಎ-ಬಿ ಅದಲುಬದಲು, ವಿಳಾಸ ತಪ್ಪು, ಬಾಡ್ ತಪ್ಪು, ಇಲ್ಲವೇ ದಿಕ್ಕಿನ ಪಿನ್. ಸಿಆರ್‌ಸಿ ತಪ್ಪು ಎಂದರೆ ಏನೋ ಬರುತ್ತಿದೆ, ಕೆಡುತ್ತಿದೆ: ಪ್ಯಾರಿಟಿ (ತಪ್ಪು ಪತ್ತೆಯ ಹೆಚ್ಚುವರಿ ಬಿಟ್) ಎರಡೂ ಕಡೆ ಒಂದೇ ಇದೆಯೇ ನೋಡಿ, ಒಂದೇ ವಿಳಾಸದ ಎರಡು ಸಾಧನ ಇವೆಯೇ ನೋಡಿ. ಉತ್ತರದಲ್ಲಿ 04 ಬದಲು 84 ಬಂದರೆ ಸಂತೋಷಪಡಿ. ತಂತಿ, ವೇಗ, ವಿಳಾಸ ಎಲ್ಲ ಸರಿ. ಮೀಟರ್ ಕೇಳಿಸಿಕೊಂಡು, ಸಾಮಾನ್ಯವಾಗಿ ಆ ರಿಜಿಸ್ಟರ್ ತನ್ನಲ್ಲಿಲ್ಲ ಎನ್ನುತ್ತಿದೆ.

ಎಲ್ಲಕ್ಕಿಂತ ಮೋಸ ಮಾಡುವುದು ತಪ್ಪಿಲ್ಲದೆ ಬರುವ ತಪ್ಪು ಅಂಕಿ. 230.2 ವೋಲ್ಟ್ 43 66 33 33 ಎಂಬ ನಾಲ್ಕು ಬೈಟ್ ಆಗಿ, ಎರಡು ರಿಜಿಸ್ಟರ್‌ಗಳಲ್ಲಿ ಬರುತ್ತದೆ. ರಿಜಿಸ್ಟರ್‌ಗಳ ಕ್ರಮ ಹಿಂದುಮುಂದಾಗಿ 33 33 43 66 ಎಂದು ಓದಿದರೆ 0.00000004 ಸಿಗುತ್ತದೆ. ಪರದೆಯಲ್ಲಿ ಅದು 0.00 ಎಂದು ಕಾಣುವುದರಿಂದ ಕರೆಂಟಿಲ್ಲ ಎಂದೇ ನಂಬಿಬಿಡುತ್ತೇವೆ. ಬೈಟ್‌ಗಳನ್ನು ಹಾಗೆಯೇ ಮುದ್ರಿಸಿ ನೋಡುವುದು ಇದಕ್ಕೆ ಮದ್ದು.

ಮೂರು ವೋಲ್ಟೇಜ್, ಮೂರು ಆಂಪಿಯರ್ 0ಯಿಂದ 11ರವರೆಗಿನ ರಿಜಿಸ್ಟರ್‌ಗಳಲ್ಲಿ ಸಾಲಾಗಿ ಇವೆ. ಒಂದೇ ಪ್ರಶ್ನೆಯಲ್ಲಿ 12ನ್ನೂ ಓದಿ: ಹೋಗಿಬರುವ 37 ಬೈಟ್‌ಗಳಿಗೆ ಸುಮಾರು 39 ಮಿಲಿಸೆಕೆಂಡ್, ಆರೂ ಅಂಕಿ ಒಂದೇ ಗಳಿಗೆಯವು. ಕಾಯುವ ಅವಧಿ 500 ಮಿಲಿಸೆಕೆಂಡ್, ಮೂರು ಸಲ ಮರುಪ್ರಯತ್ನ, 5 ಸೆಕೆಂಡಿಗೊಮ್ಮೆ ಓದು. ಪಂಪಿಗೆ ಇದಕ್ಕಿಂತ ಚುರುಕು ಬೇಕಿಲ್ಲ.

ನಮ್ಮ ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ಥ್ರೀ-ಫೇಸ್ ಇಡೀ ದಿನ ಇರುವುದಿಲ್ಲ. ಈ ಮೀಟರ್ ತಾನು ಅಳೆಯುವ ಲೈನಿನಿಂದಲೇ ಉಸಿರಾಡುತ್ತದೆ. ಕರೆಂಟ್ ಹೋದರೆ ಅದೂ ಮೌನ. ಇಲಿ ಕೇಬಲ್ ಕಡಿದರೂ ಅದೇ ಮೌನ. ಇವೆರಡನ್ನು ಬೇರ್ಪಡಿಸಲು ಪಂಪ್‌ಹೌಸಿನಲ್ಲೇ 12 ವೋಲ್ಟ್ ಬ್ಯಾಟರಿಯ ಮೇಲೆ ಒಂದು ಮಾಡ್‌ಬಸ್ ರಿಲೇ ಬೋರ್ಡ್ ಇಡುತ್ತೇನೆ, ವಿಳಾಸ 2. 2 ಉತ್ತರಿಸಿ 1 ಉತ್ತರಿಸದಿದ್ದರೆ ಕರೆಂಟಿಲ್ಲ. ಎರಡೂ ಸುಮ್ಮನಿದ್ದರೆ ಕೇಬಲ್ ನೋಡಲು ಹೊರಡಬೇಕು. ಇಡೀ ವ್ಯವಸ್ಥೆಯಲ್ಲಿ ಕಡಿಮೆ ಖರ್ಚಿಗೆ ಹೆಚ್ಚು ಉಪಕಾರವಾದ ಭಾಗ ಇದೇ.

ಪೈಯಿಂದ ಮುಂದಕ್ಕೆ ಎಂಕ್ಯೂಟಿಟಿ: ಸಾಧನಗಳು 'ಟಾಪಿಕ್' ಎಂಬ ಹೆಸರಿನಡಿ ಸಂದೇಶ ಕಳುಹಿಸುತ್ತವೆ, ಬ್ರೋಕರ್ ಎಂಬ ಮಧ್ಯವರ್ತಿ ಪ್ರೋಗ್ರಾಂ ಅದನ್ನು ಬೇಕಾದವರಿಗೆ ಹಂಚುತ್ತದೆ. ಮೊಸ್ಕಿಟೊ ಬ್ರೋಕರ್ 2.0ರಿಂದೀಚೆಗೆ ಏನೂ ಹೇಳದಿದ್ದರೆ ಅದೇ ಯಂತ್ರದೊಳಗಿನ ಸಂಪರ್ಕವನ್ನಷ್ಟೇ ಒಪ್ಪುತ್ತದೆ. ಫೋನಿನಿಂದ ಸಿಗಬೇಕಾದರೆ 1883 ಪೋರ್ಟಿನ ಲಿಸನರ್, ಪಾಸ್‌ವರ್ಡ್ ಕಡತ ಎರಡನ್ನೂ ಬರೆಯಬೇಕು. ಟಾಪಿಕ್ ಹೆಸರು ಯುಟಿಎಫ್-8, ಹಾಗಾಗಿ 'ತೋಟ/ಪಂಪ್1/ವೋಲ್ಟ್' ಎಂದು ಕನ್ನಡದಲ್ಲೇ ಇಡಬಹುದು. ಎರಡು ಸಾಧನಕ್ಕೆ ಒಂದೇ ಕ್ಲೈಂಟ್ ಐಡಿ ಕೊಟ್ಟರೆ ಒಂದು ಸೇರಿದೊಡನೆ ಇನ್ನೊಂದನ್ನು ಬ್ರೋಕರ್ ಹೊರಹಾಕುತ್ತದೆ. ಎರಡೂ ಮತ್ತೆ ಮತ್ತೆ ಸೇರಲು ಹೆಣಗುತ್ತಲೇ ಇರುತ್ತವೆ.

ಅಳತೆಗಳಿಗೆ ರಿಟೇನ್ (ಕೊನೆಯ ಸಂದೇಶವನ್ನು ಬ್ರೋಕರ್ ಉಳಿಸಿಟ್ಟು ಹೊಸದಾಗಿ ಸೇರಿದವರಿಗೆ ಕೊಡುವ ಗುರುತು) ಹಾಕಬೇಡಿ. ಹಾಕಿದರೆ ಮೀಟರ್ ಸತ್ತು ಗಂಟೆಯಾದರೂ ಫೋನ್ ತೆರೆದಾಗ 230 ವೋಲ್ಟ್ ತೋರಿಸುತ್ತದೆ. ಪ್ರತಿ ಅಂಕಿಯ ಜೊತೆ ಓದಿದ ಸಮಯವನ್ನೂ ಕಳುಹಿಸಿ; ರಿಟೇನ್ 'ಸಂಪರ್ಕದಲ್ಲಿದೆ / ಕಡಿದಿದೆ' ಎಂಬ ಸ್ಥಿತಿಗೆ ಮಾತ್ರ. ಬ್ರೋಕರ್‌ನಲ್ಲಿ ಮೊದಲೇ ಬಿಟ್ಟಿಡುವ ಲಾಸ್ಟ್ ವಿಲ್ ಸಂದೇಶ ಪೈ ಬಿದ್ದದ್ದನ್ನಷ್ಟೇ ಹೇಳುತ್ತದೆ, ಮೀಟರಿನ ಸುದ್ದಿ ಅದಕ್ಕೆ ಗೊತ್ತಿಲ್ಲ. 4ಜಿ ರೂಟರ್‌ಗಳಲ್ಲಿ ಸಾಮಾನ್ಯವಾಗಿ ಹೊರಗಿನಿಂದ ಒಳಬರುವ ದಾರಿ ಇರುವುದಿಲ್ಲ; ಆದರೆ ಪೈಯೇ ಹೊರಗಿನ ಬ್ರೋಕರ್‌ಗೆ 8883 ಪೋರ್ಟಿನಲ್ಲಿ ಟಿಎಲ್‌ಎಸ್ (ಗೂಢಲಿಪೀಕರಿಸಿದ) ಸಂಪರ್ಕ ತೆರೆದರೆ ಸಾಕು. ಸಂಪರ್ಕ ಜೀವಂತವಿದೆಯೇ ಎಂದು ನೋಡುವ ಕೀಪ್-ಅಲೈವ್ ಅವಧಿಯನ್ನು 30 ಸೆಕೆಂಡ್ ಇಡಿ. ಮಾಡ್‌ಬಸ್ ಟಿಸಿಪಿಯ (ನೆಟ್‌ವರ್ಕ್ ಮೇಲೆ ಓಡುವ ಮಾಡ್‌ಬಸ್) 502 ಪೋರ್ಟನ್ನು ಮಾತ್ರ ಇಂಟರ್ನೆಟ್ಟಿಗೆ ತೆರೆದಿಡಬೇಡಿ. ಮಾಡ್‌ಬಸ್‌ಗೆ ಪಾಸ್‌ವರ್ಡ್ ಎಂಬುದೇ ಇಲ್ಲ, ತಲುಪಿದವನು ಯಾರೇ ಆಗಲಿ ರಿಲೇ ಎಳೆಯಬಲ್ಲ.

ಆ ರಿಲೇಯಿಂದ ಪಂಪ್ ಓಡಿಸುವ ಆಸೆಯಿದ್ದರೆ ಅದನ್ನು ಸ್ಟಾರ್ಟರಿನ ಓವರ್‌ಲೋಡ್ ಮತ್ತು ಸಿಂಗಲ್-ಫೇಸ್ ರಕ್ಷಣೆಯ ನಂತರ, ಸರಣಿಯಲ್ಲಿ ಜೋಡಿಸಿ. ಎಂದೂ ಆ ರಕ್ಷಣೆಗಳನ್ನು ಬದಿಗಿಟ್ಟು ಹೋಗುವಂತೆ ಅಲ್ಲ. ಜೊತೆಗೆ 60 ಸೆಕೆಂಡ್ ಯಾವ ಸಂದೇಶವೂ ಬಾರದಿದ್ದರೆ ತಾನಾಗಿ ಬಿಟ್ಟುಕೊಳ್ಳುವ ವಾಚ್‌ಡಾಗ್ ಇರುವ ಬೋರ್ಡನ್ನೇ ಆರಿಸಿ. ಕೇಬಲ್ ಕಡಿದ ಹೊತ್ತಿನಲ್ಲಿ ಬಾವಿ ಬತ್ತಿದರೆ ಮೋಟಾರ್ ನಿಲ್ಲಿಸಲು ಬೇರೆ ದಾರಿಯಿರುವುದಿಲ್ಲ.