ಎಮ್ಮೆ ಇಳಿದು ಹತ್ತುವ ಹಾಗಿರಬೇಕು

ಕಾಸರಗೋಡು ಪೇಟೆಯ ಅಂಚಿನಲ್ಲಿ ನಮ್ಮ ಮನೆ. ಹಿಂದೆ ಬೈಲು, ಅಂದರೆ ತಗ್ಗಿನ ಗದ್ದೆಸಾಲು; ಬೈಲಿನ ತಲೆಗೆ ಒಂದು ಮದಕ, ಅಂದರೆ ಮಳೆನೀರು ನಿಲ್ಲುವ ಸಣ್ಣ ಕೆರೆ. ಬೇಸಾಯ ನಿಂತ ಮೇಲೆ ಅದು ಅರ್ಧ ಹೂಳಿನಲ್ಲಿ, ಅರ್ಧ ಕಟ್ಟಡದ ಮಣ್ಣಿನಲ್ಲಿ ಮುಚ್ಚಿಹೋಯಿತು. ಗದ್ದೆ, ಜೌಗು ತುಂಬಿಸಬಾರದೆಂದು ಕೇರಳದಲ್ಲಿ 2008ರಿಂದ ಕಾನೂನಿದೆ. ರಾತ್ರಿ ಬರುವ ಲಾರಿಗೆ ಅದರ ಹೆದರಿಕೆಯಿರಲಿಲ್ಲ.

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆಯ ಊರಿದು. 10 ಸೆಂಟ್ಸ್ ಕಾಂಕ್ರೀಟಿನ ಮೇಲೆ 100 ಮಿಲಿಮೀಟರ್ ಸುರಿದರೆ 40,000 ಲೀಟರ್ ನೀರು. ಮೇಲಿನ ಓಣಿಯ ನೀರೆಲ್ಲ ರಸ್ತೆಯ ಎಣ್ಣೆ, ಕಸ ಹೊತ್ತು ನಮ್ಮ ಅಂಗಳಕ್ಕೇ ನುಗ್ಗುತ್ತಿತ್ತು.

ಐದು ಮನೆಯವರು ದುಡ್ಡು ಹಾಕಿ, ಜಾಗದವರ ಒಪ್ಪಿಗೆ ಪಡೆದು, ಮದಕವನ್ನು ಮತ್ತೆ ಅಗೆಯಲು ಜೆಸಿಬಿ ತರಿಸಿದೆವು. ಎಂಟಡಿ ಆಳ, ಗೋಡೆಯಂತೆ ನೆಟ್ಟಗಿನ ದಡ. ಆಳವಿದ್ದಷ್ಟೂ ಒಳ್ಳೆಯದೆಂದು ನಾನೇ ಹಟ ಹಿಡಿದೆ. ಮೊದಲ ಮಳೆಗಾಲದಲ್ಲೇ ದಡ ಕುಸಿಯಿತು, ನೀರು ಆಟಿ (ಜುಲೈ-ಆಗಸ್ಟಿನ ತುಳು ತಿಂಗಳು) ಮುಗಿದರೂ ಕೆಂಪಾಗಿಯೇ ಇತ್ತು. ಹಿಂದೆ ಆ ಬೈಲು ಉಳುತ್ತಿದ್ದ ಅಜ್ಜ ನೋಡಿ, "ಇದು ಬಾವಿಯಾ ಮಾರಾಯ? ಮದಕ ಅಂದ್ರೆ ಎಮ್ಮೆ ಇಳಿದು ಹತ್ತುವ ಹಾಗಿರಬೇಕು" ಅಂದರು.

ಮರುವರ್ಷ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮೊದಲು ದಡವನ್ನು ಓರೆಯಾಗಿ ಕಡಿದೆವು. ಸುತ್ತ ಮೊಣಕಾಲುದ್ದ ನೀರು ನಿಲ್ಲುವಂಥ ಅಗಲವಾದ ಅಂಚು ಬಿಟ್ಟು, ತೋಡಿನಿಂದ (ಸಣ್ಣ ಹಳ್ಳದಿಂದ) ಜೊಂಡಿನ ಬುಡಗಳನ್ನು ಕಿತ್ತು ತಂದು ನೆಟ್ಟೆವು. ನೀರು ಒಳಬರುವಲ್ಲಿ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ತಡೆ ಕಟ್ಟಿ, ಅದರ ಹಿಂದೆ ಹೂಳುಗುಂಡಿ ಮಾಡಿದೆವು. ಕೆಲಸವೆಲ್ಲ ಈ ಅಂಚಿನಲ್ಲೇ ನಡೆಯುವುದು: ಜೊಂಡಿನ ನಡುವೆ ನೀರಿನ ಓಟ ತಗ್ಗಿ ಕೆಂಪು ಮಣ್ಣು ತಳ ಸೇರುತ್ತದೆ, ದಂಟು-ಬೇರುಗಳಿಗೆ ಅಂಟಿದ ಲೋಳೆಯಲ್ಲಿರುವ ಸೂಕ್ಷ್ಮಜೀವಿಗಳು ಕೊಳೆ ತಿನ್ನುತ್ತವೆ. ಒಂದು ಮನೆಯ ಕಕ್ಕಸಿನ ಪೈಪು ತೋಡಿಗೆ ಸೇರಿತ್ತು; ಅದನ್ನು ಮೊದಲು ಬಿಡಿಸಿದೆವು. ಅಷ್ಟು ಕೊಳೆ ತಡೆಯುವ ಶಕ್ತಿ ನಮ್ಮ ಮದಕಕ್ಕಿಲ್ಲ.

ವರ್ಷಕ್ಕೊಮ್ಮೆ ಜೊಂಡು ಕೊಯ್ದು ದೂರ ಹಾಕಲೇಬೇಕು. ನೀರಲ್ಲೇ ಕೊಳೆತರೆ ಹೀರಿದ್ದೆಲ್ಲ ನೀರಿಗೇ ವಾಪಸು. ಗುಂಡಿಯ ಹೂಳನ್ನು ಬೇಸಿಗೆಯಲ್ಲಿ ತೆಗೆಯುತ್ತೇವೆ. ರಸ್ತೆಯ ಎಣ್ಣೆ ಸೇರಿದ ಹೂಳಾದ್ದರಿಂದ ತೆಂಗಿನ ಬುಡಕ್ಕೆ ಹಾಕುವುದಿಲ್ಲ.

ಈ ಮಳೆಗಾಲ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಂಡು ನನ್ನ ಎದೆ ಧಸಕ್ಕೆಂದಿತು. ಕಡ್ಡಿಯಿಂದ ಮುಟ್ಟಿದೆ. ಹೂಳುಗುಂಡಿಯಲ್ಲಿ ಪೊರೆ ಸರಿದು ಮತ್ತೆ ಕೂಡಿಕೊಂಡಿತು, ಅದು ಎಣ್ಣೆ. ಜೊಂಡಿನಾಚೆ ಮುಟ್ಟಿದಾಗ ಗಾಜಿನ ಹಾಗೆ ಚೂರುಚೂರಾಗಿ ಒಡೆದು ಹಾಗೇ ನಿಂತಿತು. ನಮ್ಮ ಮುರಕಲ್ಲಿನ ಕಬ್ಬಿಣದಿಂದ ಬರುವ ಪೊರೆ ಅದು.