ಯುದ್ಧ ಕಂಡು ಬಂದ ಮಕ್ಕಳು: ಹಾಸನದಲ್ಲಿ ನಾವು ಕೆಲಸ ಮಾಡುವ ರೀತಿ

ಯುದ್ಧದ ನಡುವಿನಿಂದ ಬಂದ ಹುಡುಗ ಹುಡುಗಿಯರು ಆಪ್ತ ಸಮಾಲೋಚಕರ ಹತ್ತಿರ ನೇರವಾಗಿ ಬರುವುದು ಅಪರೂಪ. ಮೊದಲು ಇಸಿಜಿ ಆಗಿರುತ್ತದೆ, ಆಮೇಲೆ ಥೈರಾಯ್ಡ್ ಪರೀಕ್ಷೆ, ಎಂಡೋಸ್ಕೋಪಿ. ಗ್ಯಾಸ್ಟ್ರಿಕ್ ಅಂತ ತಿಂಗಳುಗಟ್ಟಲೆ ಮಾತ್ರೆ ನುಂಗಿ, ಎಲ್ಲ ರಿಪೋರ್ಟೂ ನಾರ್ಮಲ್ ಬಂದ ಮೇಲೆ ಫೈಲು ನಮ್ಮ ಟೇಬಲ್ಲಿಗೆ ಬರುತ್ತದೆ. 2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿತು. ಅಲ್ಲಿ ಎಂಬಿಬಿಎಸ್ ಓದುತ್ತಿದ್ದ ನಮ್ಮ ಕಡೆಯ ವಿದ್ಯಾರ್ಥಿಗಳು ಸರ್ಕಾರ ಅವರನ್ನು ಕರೆತರಲು ನಡೆಸಿದ ಆಪರೇಷನ್ ಗಂಗಾ ವಿಮಾನಗಳಲ್ಲಿ ಬಂದಿಳಿದಾಗ ಹಾರ ಹಾಕಿದರು, ಟಿವಿಯವರು ಮೈಕ್ ಹಿಡಿದರು. ಆ ವಾರಗಳಲ್ಲಿ ಹೆಚ್ಚಿನವರು ಚೆನ್ನಾಗಿಯೇ ಕಾಣುತ್ತಿದ್ದರು. ಪಿಟಿಎಸ್‌ಡಿಯ, ಅಂದರೆ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆಯ, ಪೂರ್ತಿ ಲಕ್ಷಣಗಳು ಘಟನೆಯಾಗಿ ಆರು ತಿಂಗಳು ಕಳೆದ ಮೇಲೆ ಕಾಣಿಸಿಕೊಳ್ಳುವುದೂ ಉಂಟು. ಅಷ್ಟು ಹೊತ್ತಿಗೆ ಹಾರ ಹಾಕಿದವರೆಲ್ಲ ‘ಮುಂದೇನಪ್ಪಾ?’ ಎಂದು ಕೇಳತೊಡಗಿರುತ್ತಾರೆ.

ಯುದ್ಧ ಕಂಡವರೆಲ್ಲ ಕಾಯಿಲೆ ಬೀಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜಿನಂತೆ ಸಂಘರ್ಷದ ಪ್ರದೇಶಗಳಲ್ಲಿ ಶೇ 22ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇರುತ್ತದೆ. ಹಾಗಾಗಿ ಬಂದವರನ್ನೆಲ್ಲ ಸಾಲಾಗಿ ಕೂರಿಸಿ ‘ಏನೇನು ನೋಡಿದಿರಿ, ಎಲ್ಲ ಹೇಳಿಬಿಡಿ’ ಎನ್ನುವ ಒಂದು ದಿನದ ಶಿಬಿರ ನಾನು ಮಾಡುವುದಿಲ್ಲ. ಅದರಿಂದ ಪಿಟಿಎಸ್‌ಡಿ ತಪ್ಪುವುದಿಲ್ಲವೆಂದೂ ಕೆಲವರಿಗೆ ಹೆಚ್ಚಾಗಬಹುದೆಂದೂ ಅಧ್ಯಯನಗಳು ತೋರಿಸಿ ಬಹಳ ಕಾಲವಾಯಿತು. ಆದರೂ ಇಂಥ ಶಿಬಿರಕ್ಕೆ ಬ್ಯಾನರ್, ಫೋಟೊ ಎಲ್ಲ ಚೆನ್ನಾಗಿ ಬರುವುದರಿಂದ ಬೇಡಿಕೆ ತಗ್ಗಿಲ್ಲ.

ಮೊದಲ ಭೇಟಿಯಲ್ಲಿ ಯುದ್ಧದ ಸುದ್ದಿ ಎತ್ತುವುದಿಲ್ಲ. ನಿದ್ದೆ ಎಷ್ಟು ಹೊತ್ತಿಗೆ, ಊಟ ಯಾರ ಜೊತೆ, ಮನೆಯಿಂದ ಹೊರಗೆ ಹೋಗಿ ಎಷ್ಟು ದಿನವಾಯಿತು, ಸ್ನಾನದ ಮನೆಯ ಚಿಲಕ ಹಾಕಿಕೊಳ್ಳುತ್ತೀಯಾ ಇಲ್ಲವಾ ಎಂದು ವಿಚಾರಿಸುತ್ತೇನೆ. ಬಾಗಿಲ ಬಳಿ ಬ್ಯಾಗ್ ಸಿದ್ಧ ಇದೆಯೇ ಎಂದು ಕೇಳಿದರೆ ಹಲವರು ತಲೆಯೆತ್ತಿ ನೋಡುತ್ತಾರೆ. ಪಾಸ್‌ಪೋರ್ಟ್, ಚಾರ್ಜರ್, ಎರಡು ಬಾಟಲಿ ನೀರು, ಬಿಸ್ಕತ್ತು. ಅಮ್ಮ ಅದನ್ನು ಬಿಚ್ಚಿ ಬಟ್ಟೆ ಬೀರುವಿಗೆ ಜೋಡಿಸಿದ ರಾತ್ರಿ ಮಗಳಿಗೆ ನಿದ್ದೆ ಇರುವುದಿಲ್ಲ. ಬ್ಯಾಗನ್ನು ಮುಟ್ಟಬೇಡಿ ಎಂದು ಮನೆಯವರಿಗೆ ಹೇಳುತ್ತೇನೆ. ವಾರಕ್ಕೆ ಒಂದು ವಸ್ತುವನ್ನು ಅವಳೇ ಹೊರಗೆ ತೆಗೆದಿಡಬೇಕು. ಪಾಸ್‌ಪೋರ್ಟ್ ಕೊನೆಗೆ.

ಆಘಾತದ ಲಕ್ಷಣ ಅಳೆಯುವುದಕ್ಕೆ ಹದಿನೆಂಟರ ಒಳಗಿನವರಿಗೆ ಕ್ರೈಸ್-8 ಎಂಬ ಪ್ರಶ್ನಾವಳಿ. ಎಂಟು ಪ್ರಶ್ನೆ, ಪ್ರತಿಯೊಂದಕ್ಕೂ 0, 1, 3 ಅಥವಾ 5 ಅಂಕ. ಮೊತ್ತ 17 ಅಥವಾ ಅದಕ್ಕಿಂತ ಹೆಚ್ಚಾದರೆ ಪೂರ್ತಿ ತಪಾಸಣೆ. ದೊಡ್ಡವರಿಗೆ ಪಿಸಿಎಲ್-5: ಇಪ್ಪತ್ತು ಪ್ರಶ್ನೆ, 80 ಅಂಕ, 31ರಿಂದ 33ರ ಆಸುಪಾಸಿನಲ್ಲಿ ಗೆರೆ. ಇವು ಜರಡಿ ಮಾತ್ರ, ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಮನೋವೈದ್ಯರು. ಅಪ್ಪ ಅಮ್ಮ ಪಕ್ಕದಲ್ಲಿ ಕೂತಿದ್ದರೆ ಎಲ್ಲದಕ್ಕೂ ಸೊನ್ನೆ ಬರುತ್ತದೆ, ಅದಕ್ಕೇ ಅವರನ್ನು ಹೊರಗೆ ಕೂರಿಸಿ ಕೇಳಬೇಕು. ಸಾಯುವ ಯೋಚನೆ ಬರುತ್ತದೆಯೇ ಎಂದು ಅದೇ ದಿನ ನೇರವಾಗಿ ಕೇಳುತ್ತೇನೆ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡದೆ ಅಂದೇ ಮನೋವೈದ್ಯರ ಬಳಿ ಕರೆದೊಯ್ಯಬೇಕು. ತೋಟದ ಮನೆಯಾದರೆ ಗಿಡಕ್ಕೆ ಹೊಡೆಯುವ ಔಷಧಿಯ ಕೋಣೆಗೆ ಬೀಗ ಬೀಳಬೇಕು, ಕೋವಿ ಬೇರೆಯವರ ವಶಕ್ಕೆ ಹೋಗಬೇಕು.

ಚಿಕಿತ್ಸೆ ಶುರುವಾಗುವುದು ನಿದ್ದೆಯಿಂದ. ಮಲಗುವ ಹೊತ್ತಿಗಿಂತ ಏಳುವ ಹೊತ್ತು ಮುಖ್ಯ. ರಾತ್ರಿ ಎಷ್ಟೇ ಎಚ್ಚರವಿದ್ದರೂ ಬೆಳಿಗ್ಗೆ ಆರೂವರೆಗೆ ಎದ್ದು ಅಂಗಳಕ್ಕೆ ಬರಬೇಕು. ಮಧ್ಯರಾತ್ರಿ ಟೆಲಿಗ್ರಾಮಿನಲ್ಲಿ ಉಕ್ರೇನಿನ ಹಾರ್ಕಿವ್ ನಗರದ ವಿಡಿಯೊ ನೋಡುವುದು ದೊಡ್ಡ ಅಡ್ಡಿ. ಗ್ರೂಪ್ ಬಿಟ್ಟುಬಿಡು ಎಂದರೆ ಯಾರೂ ಬಿಡುವುದಿಲ್ಲ, ಅಲ್ಲಿ ಸ್ನೇಹಿತರಿದ್ದಾರೆ. ಮಧ್ಯಾಹ್ನ ಊಟವಾದ ಮೇಲೆ ಇಪ್ಪತ್ತು ನಿಮಿಷ ನೋಡಲಿ, ಸಂಜೆಯ ನಂತರ ಬೇಡ ಎಂದು ಒಪ್ಪಂದ ಮಾಡಿಕೊಳ್ಳುತ್ತೇವೆ. ಮರುಕಳಿಸುವ ಕೆಟ್ಟ ಕನಸಿಗೆ ಬೇರೆ ಉಪಾಯವಿದೆ. ಕನಸನ್ನು ಹಗಲಲ್ಲಿ ನೋಟ್‌ಬುಕ್ಕಿನಲ್ಲಿ ಬರೆದು, ತನಗೆ ಬೇಕಾದ ಹಾಗೆ ತಿರುಗಿಸಿ, ಹೊಸ ಕನಸನ್ನು ದಿನಕ್ಕೆ ಹತ್ತರಿಂದ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ನೋಡುವುದು. ಬದಲಾವಣೆ ತರ್ಕಕ್ಕೆ ಸಿಗಬೇಕಿಲ್ಲ. ಕನಸಿನಲ್ಲಿ ಅಡಗಿ ಕೂತ ಮೆಟ್ರೊ ಸುರಂಗ ಶಿರಾಡಿ ಘಾಟಿಯಲ್ಲಿ ಹೊರಬಂದರೂ ಆಯಿತು. ಅತಿ ಕೆಟ್ಟ ಕನಸನ್ನೇ ಮೊದಲು ಹಿಡಿದರೆ ಕೈಕೊಡುತ್ತದೆ, ಸಣ್ಣದರಿಂದ ಶುರು ಮಾಡಬೇಕು.

ಇನ್ನು ಬಾಂಬನ್ನು ನೆನಪಿಸುವ ಸದ್ದು. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಇದು ದೀಪಾವಳಿಯ ಮೂರು ದಿನಕ್ಕೆ ಮುಗಿಯುವುದಿಲ್ಲ. ಕಾಡಾನೆ ತೋಟಕ್ಕೆ ಇಳಿದರೆ ಯಾವ ಹೊತ್ತಿನಲ್ಲಾದರೂ ಪಟಾಕಿ ಸಿಡಿಯುತ್ತದೆ, ಕಲ್ಲುಕ್ವಾರಿಯ ಸಿಡಿತ ಬೇರೆ. ಮಳೆಗಾಲದಲ್ಲಿ ಕರೆಂಟು ಹೋಗಿ ಕತ್ತಲಾದರೆ ಬಂಕರಿನ ನೆನಪು. ಬೆಂಗಳೂರಿನ ಪುಸ್ತಕದಂತೆ ‘ಸದ್ದಿನಿಂದ ದೂರವಿರಿ’ ಎಂದರೆ ಇಲ್ಲಿ ನಡೆಯುವುದಿಲ್ಲ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಆನೆ ಇರುವ ಜಾಗದ ಬಗ್ಗೆ ಮೊಬೈಲಿಗೆ ಕಳಿಸುವ ಸಂದೇಶವನ್ನೇ ಚಿಕಿತ್ಸೆಗೆ ಬಳಸುತ್ತೇವೆ. ಸಂಜೆ ಆ ಸಂದೇಶವನ್ನು ಮನೆಯಲ್ಲಿ ಗಟ್ಟಿಯಾಗಿ ಓದಬೇಕು: ಇವತ್ತು ನಮ್ಮ ಕಡೆ ಆನೆ ಇದೆ, ರಾತ್ರಿ ಪಟಾಕಿ ಹೊಡೆಯಬಹುದು. ಮುಂಚೆಯೇ ತಿಳಿದ ಸದ್ದಿಗೆ ಮೈ ಅಷ್ಟು ಬೆದರುವುದಿಲ್ಲ. ಸದ್ದಾದಾಗ ಮಂಚದ ಕೆಳಗೆ ನುಗ್ಗದೆ ಎದ್ದು ಕೂತು, ಎರಡೂ ಪಾದ ನೆಲಕ್ಕೂರಿ, ಟಾರ್ಚ್ ಹಾಕಿ, ಊರಿನ ಹೆಸರು ಮತ್ತು ತಾರೀಕು ಬಾಯಿಬಿಟ್ಟು ಹೇಳಬೇಕು. ‘ಇದು ಆಲೂರು. ಆನೆ ಓಡಿಸ್ತಿದಾರೆ.’ ಅಪ್ಪನ ಕೆಲಸ ಪಕ್ಕದಲ್ಲಿ ಕೂರುವುದು ಮಾತ್ರ. ‘ಗಂಡು ಹುಡುಗ, ಇಷ್ಟಕ್ಕೆಲ್ಲ ಹೆದರ್ತಾನಾ’ ಅಂದರೆ ಮಾರನೇ ದಿನದಿಂದ ಮಗ ಭಯವನ್ನು ಬಚ್ಚಿಡುತ್ತಾನೆ, ವಾಸಿಯಾಯಿತೆಂದು ನಾವು ಮೋಸಹೋಗುತ್ತೇವೆ.

ಹಗಲಿನ ಅಭ್ಯಾಸ ಬೇರೆ. ಪಟಾಕಿ ಸದ್ದನ್ನು ಮೊಬೈಲಿಗೆ ರೆಕಾರ್ಡ್ ಮಾಡಿಕೊಂಡು, ಫೋನು ಹುಡುಗನ ಕೈಯಲ್ಲೇ ಕೊಟ್ಟು, ಅತಿ ಕಡಿಮೆ ವಾಲ್ಯೂಮಿನಲ್ಲಿ ಶುರು. ಇಯರ್‌ಫೋನ್ ಬೇಡ. ಭಯಕ್ಕೆ ಹತ್ತರಲ್ಲಿ ಎಷ್ಟು ಅಂಕ ಎಂದು ಕೇಳುತ್ತಾ ಹೋಗಿ, ಏಳಿದ್ದದ್ದು ಮೂರಕ್ಕೆ ಇಳಿಯುವವರೆಗೆ ಕೂರಬೇಕು, ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ನಿಮಿಷ. ಏಳರಲ್ಲಿದ್ದಾಗಲೇ ಎದ್ದು ಹೋದರೆ ಓಡಿದ್ದರಿಂದ ಬದುಕಿದೆ ಎಂಬ ಪಾಠವೇ ಮೈಗೆ ಗಟ್ಟಿಯಾಗುತ್ತದೆ. ದೀಪಾವಳಿಗೆ ಆರು ವಾರ ಮುಂಚೆ, ಗಣೇಶನ ಹಬ್ಬದ ಹಿಂದೆಯೇ, ಇದನ್ನು ಆರಂಭಿಸುತ್ತೇವೆ.

ಇಷ್ಟು ನೆಲೆಯಾದ ಮೇಲೆಯೇ ಯುದ್ಧದ ಕಥನಕ್ಕೆ ಕೈಹಾಕುವುದು. ಜರ್ಮನಿಯ ಕಾನ್‌ಸ್ಟಾನ್ಸ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ನಿರೂಪಣಾ ಚಿಕಿತ್ಸೆಯನ್ನು (ನೆರೇಟಿವ್ ಎಕ್ಸ್‌ಪೋಶರ್ ಥೆರಪಿ) ನಾನು ಬಳಸುತ್ತೇನೆ. ನೆಲದ ಮೇಲೆ ಮೂರು ಮೀಟರಿನಷ್ಟು ತೆಂಗಿನ ನಾರಿನ ಹುರಿ ಹಾಸಬೇಕು. ಒಂದು ತುದಿ ಹುಟ್ಟು. ಒಳ್ಳೆಯ ಘಟನೆಗೆ ಹೂವು, ಕೆಟ್ಟದ್ದಕ್ಕೆ ಕಲ್ಲು, ಎಷ್ಟು ಕೆಟ್ಟದೋ ಅಷ್ಟು ದೊಡ್ಡ ಕಲ್ಲು. ಇನ್ನೊಂದು ತುದಿಯನ್ನು ಸುರುಳಿ ಸುತ್ತಿ ಬಿಡುವುದು, ಅದು ಇನ್ನೂ ಬಿಚ್ಚದ ಆಯಸ್ಸು. ಮುಂದಿನ ಭೇಟಿಗಳಲ್ಲಿ ಒಂದೊಂದೇ ಕಲ್ಲು ಎತ್ತಿಕೊಂಡು ಆ ಗಳಿಗೆಯಲ್ಲಿ ಏನು ಕಂಡಿತು, ಏನು ಕೇಳಿಸಿತು, ಮೈಯಲ್ಲಿ ಏನಾಯಿತು, ಆಮೇಲೆ ಏನಾಯಿತು ಎಂದು ಕ್ರಮವಾಗಿ ಹೇಳಿಸುತ್ತೇನೆ. ಕೇಳಿದ್ದನ್ನು ಬರೆದಿಟ್ಟು ಮುಂದಿನ ಸಲ ಓದಿ ಹೇಳಿ, ಅವರಿಂದಲೇ ತಿದ್ದಿಸುತ್ತೇನೆ. ಒಂದು ಭೇಟಿಗೆ ತೊಂಬತ್ತು ನಿಮಿಷ ಬಿಡುವು ಬೇಕು. ಕೊನೆಯ ಬಸ್ಸಿನ ಹೊತ್ತು ನೋಡಿಕೊಂಡು ಕಥೆಯ ನಡುವೆ ನಿಲ್ಲಿಸಿದರೆ ಆ ವಾರವೆಲ್ಲ ಹಾಳು. ಅದಕ್ಕೇ ಮೂಡಿಗೆರೆಯಂಥ ದೂರದಿಂದ ಬರುವವರಿಗೆ ಬೆಳಗಿನ ಮೊದಲ ಹೊತ್ತು.

ದೊಡ್ಡ ಕಲ್ಲು ಯಾವಾಗಲೂ ಬಾಂಬ್ ಆಗಿರುವುದಿಲ್ಲ. 2022ರ ಮಾರ್ಚ್ 2ರಂದು ಭಾರತದ ರಾಯಭಾರ ಕಚೇರಿ ಹಾರ್ಕಿವ್ ಬಿಟ್ಟು ನಡೆದಾದರೂ ಹೊರಡಿ ಎಂದಾಗ ಯಾರನ್ನು ಬಿಟ್ಟು ಬಂದೆ, ರೈಲು ಹತ್ತುವಾಗ ಯಾರನ್ನು ತಳ್ಳಿದೆ ಎಂಬುದು ಹೆಚ್ಚು ಭಾರ. ಹಿಂದಿನ ದಿನವಷ್ಟೇ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಶೆಲ್ ದಾಳಿಗೆ ಸತ್ತಿದ್ದ. ‘ನಿನ್ನದೇನೂ ತಪ್ಪಿಲ್ಲ ಬಿಡಪ್ಪ’ ಎನ್ನುವ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು. ಆ ಗಳಿಗೆಯಲ್ಲಿ ನಿನಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂದು ಎರಡು ಕಾಲಂ ಬರೆಸಿದರೆ ಮಾತು ಮುಂದೆ ಹೋಗುತ್ತದೆ.

ಕಾಯಿಲೆಯನ್ನು ವರ್ಷಗಟ್ಟಲೆ ಎಳೆಯುವುದು ಬಹುಮಟ್ಟಿಗೆ ಯುದ್ಧದ ನಂತರದ ಬದುಕು. ಸಿಯೆರಾ ಲಿಯೋನ್‌ನಲ್ಲಿ ಸೈನ್ಯಕ್ಕೆ ಎಳೆಯಲ್ಪಟ್ಟಿದ್ದ ಮಕ್ಕಳನ್ನು 2002ರಿಂದ ದೊಡ್ಡವರಾಗುವವರೆಗೆ ಹಿಂಬಾಲಿಸಿದ ಅಧ್ಯಯನದಲ್ಲಿ ಊರವರ ತಾತ್ಸಾರ ಮತ್ತು ಮನೆಯವರ ಆಸರೆ, ಇವೆರಡರ ಪರಿಣಾಮ ಎದ್ದು ಕಂಡಿತು. ಇಲ್ಲಿ ಅದು ಶಿಕ್ಷಣ ಸಾಲದ ಕಂತಾಗಿ, ಮದುವೆ ಮನೆಯ ಪ್ರಶ್ನೆಯಾಗಿ ಬರುತ್ತದೆ. ಸುಪ್ರೀಂ ಕೋರ್ಟ್ 2023ರ ಮಾರ್ಚಿನಲ್ಲಿ ಕೊನೆಯ ವರ್ಷದವರಿಗೆ ಇಲ್ಲೇ ಪರೀಕ್ಷೆ ಬರೆಯಲು ಎರಡು ಅವಕಾಶ ಕೊಟ್ಟಿತು. ಕಿರಿಯರು ಬೇರೆ ದೇಶಕ್ಕೆ ಹೋಗಬೇಕಾಯಿತು, ಇಲ್ಲ ಕೋರ್ಸನ್ನೇ ಬಿಡಬೇಕಾಯಿತು. ವಿದೇಶದಲ್ಲಿ ಓದಿದವರು ಇಲ್ಲಿ ವೈದ್ಯರಾಗಲು ಪಾಸಾಗಬೇಕಾದ ಎಫ್‌ಎಂಜಿಇ ಪರೀಕ್ಷೆ ವರ್ಷಕ್ಕೆರಡು ಬಾರಿ, ಅದರ ಫಲಿತಾಂಶದ ವಾರ ನಮ್ಮಲ್ಲಿ ಮರುಕಳಿಸುವವರು ಹೆಚ್ಚು. ಬ್ಯಾಂಕಿನವರ ಜೊತೆ ಕಂತು ಮುಂದೂಡುವ ಮಾತಿಗೆ ಮನೆಯವರನ್ನು ಹೊರಡಿಸುವುದನ್ನೂ ನಾನು ಚಿಕಿತ್ಸೆಯೆಂದೇ ಎಣಿಸುತ್ತೇನೆ.

ಯುದ್ಧಕ್ಕೆ ಹೋಗದೆಯೇ ಪೆಟ್ಟು ತಿಂದವರೂ ಇದ್ದಾರೆ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಕಾಳಗ ಶುರುವಾದಾಗ ತೈಲ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಬುಡಕಟ್ಟಿನ ಜನ ಅಲ್ಲಿ ಸಿಕ್ಕಿಕೊಂಡು, ಆಪರೇಷನ್ ಕಾವೇರಿಯಲ್ಲಿ ಮರಳಿದರು. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಂಥ ಕಾಲೊನಿಗಳಲ್ಲಿ ಹೆತ್ತವರು ದೂರ ದೇಶಕ್ಕೆ ಹೋದರೆ ಮಕ್ಕಳು ಅಜ್ಜಿಯರ ಬಳಿ ಉಳಿಯುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಫಿನ್‌ಲ್ಯಾಂಡಿನಿಂದ ಹೆತ್ತವರಿಲ್ಲದೆ ಸ್ವೀಡನ್ನಿಗೆ ಕಳಿಸಲ್ಪಟ್ಟ ಮಕ್ಕಳಲ್ಲಿ ಅರವತ್ತು ವರ್ಷದ ಮೇಲೂ ಖಿನ್ನತೆಯ ಲಕ್ಷಣ ಹೆಚ್ಚು ಕಂಡಿದೆ. ಅಗಲಿಕೆಯ ಪೆಟ್ಟು ಅಷ್ಟು ಉದ್ದ. ಇಂಥ ಮಕ್ಕಳ ಜೊತೆ ಅಜ್ಜಿಯನ್ನೂ ಕೂರಿಸಿಕೊಳ್ಳುತ್ತೇನೆ, ಅವರ ಮನೆಮಾತಾದ ವಾಗ್ರಿ ಬಲ್ಲ ಹಿರಿಯರೊಬ್ಬರಿರಬೇಕು. ಶಾಲೆಯ ಮಕ್ಕಳನ್ನೇ ದುಭಾಷಿ ಮಾಡಬಾರದು. ಅಪ್ಪನ ಫೋನ್ ಬರುವ ದಿನ, ಹೊತ್ತು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ, ಬಾರದಿದ್ದರೆ ಯಾರನ್ನು ಕೇಳಬೇಕೆಂದು ಮಗುವಿಗೆ ತಿಳಿಸಿದ್ದರೆ, ಅರ್ಧ ಗಾಬರಿ ತಗ್ಗುತ್ತದೆ.

ಮಾತ್ರೆಯ ವಿಷಯ ಮನೋವೈದ್ಯರದ್ದು. ನಾನು ಕೇಳುವುದು ಒಂದೇ, ಮೆಡಿಕಲ್ ಸ್ಟೋರಿನಿಂದ ತಾವಾಗಿ ತಂದ ಆಲ್‌ಪ್ರಜೊಲಾಮ್, ಕ್ಲೊನಾಜೆಪಾಮ್‌ನಂಥ ಆತಂಕ ತಗ್ಗಿಸುವ ಮಾತ್ರೆ ಇದೆಯೇ ಎಂದು. ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಹಾಸನಕ್ಕೆ ಬರಲಾಗದವರಿಗೆ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ, ರಾತ್ರಿ ಹೊತ್ತಿಗೆ ಟೆಲಿ ಮನಸ್ ಸಹಾಯವಾಣಿ 14416.

ಕ್ರಮವಾದ ಭೇಟಿ ಮುಗಿದ ಮೇಲೂ ರಿಜಿಸ್ಟರಿನಲ್ಲಿ ಹೆಸರು ಎರಡು ವರ್ಷ ಇರುತ್ತದೆ. ಮೂರು ತಿಂಗಳಿಗೊಮ್ಮೆ ಫೋನು, ಜೊತೆಗೆ ಫೆಬ್ರುವರಿ ಕೊನೆಯ ವಾರ, ದೀಪಾವಳಿ, ಪರೀಕ್ಷೆಯ ಫಲಿತಾಂಶದ ಮರುದಿನ. ‘ಹೇಗಿದ್ದೀಯ’ ಅಂದರೆ ‘ಆರಾಮ್ ಸಾರ್’ ಎಂಬ ಉತ್ತರ ಬರುತ್ತದೆ, ಅದಕ್ಕೆ ‘ನಿನ್ನೆ ಎಷ್ಟು ಗಂಟೆಗೆ ಮಲಗಿದೆ?’ ಎಂದು ಕೇಳಬೇಕು. ಎರಡು ಸಲ ಫೋನ್ ಎತ್ತದಿದ್ದರೆ, ಮೊದಲ ದಿನವೇ ಒಪ್ಪಿಗೆ ಪಡೆದು ಬರೆದಿಟ್ಟುಕೊಂಡ ಗೆಳೆಯನ ನಂಬರಿಗೆ ಮಾಡುತ್ತೇವೆ. ಮನೆಯವರಿಗೆ ಅದರ ನಂತರ.